ಪೈಪ್ ಬೆವರು ನಂಬಿ ಕೆಟ್ಟೆ, ತೂಕದ ಕಾಟಾ ಹಿಡಿದು ಗೆದ್ದೆ: ಕಲಬುರಗಿ ಬಿಸಿಲಲ್ಲಿ ಎಸಿ ಗ್ಯಾಸ್

ಇದು ಕೆಲಸ ಗೊತ್ತಿರುವವರಿಗೆ ಬರೆದದ್ದು. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹೇಗೆ ಹಚ್ಚಬೇಕು, ಫ್ಲೇರ್ (ಜೋಡಿಸಲು ಪೈಪಿನ ತುದಿ ಅಗಲಿಸುವುದು) ಹೇಗೆ ಹೊಡೆಯಬೇಕು ಅಂತ ಇಲ್ಲಿ ಹೇಳುವುದಿಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿ ಆರು ವರ್ಷ ಇದ್ದೆ. ಗ್ಯಾಸ್ ಹಾಕುವಾಗ ದಪ್ಪ ಪೈಪಿನ ಮೇಲೆ ಕೈ ಇಟ್ಟುಕೊಂಡಿರು, ವಾಲ್ವ್ ತನಕ ಬೆವರು ಬಂತು ಅಂದರೆ ನಿಲ್ಲಿಸು, ಇಷ್ಟೇ ಪಾಠ. ಅಲ್ಲಿ ಅದು ನಡೆಯುತ್ತಿತ್ತು, ನಡೆಯದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಕೈ, ಅದೇ ಗೇಜ್ ಹಿಡಿದು ಊರಿಗೆ ವಾಪಸ್ ಬಂದೆ. ಕಲಬುರಗಿಯಲ್ಲಿ ಮೊದಲ ಬೇಸಿಗೆಯಲ್ಲೇ ಒಂದು ಕಂಪ್ರೆಸರ್ ಹೋಯಿತು.

ಒಂದೂವರೆ ಟನ್, ಆರ್-32 ಗ್ಯಾಸಿನ ಇನ್ವರ್ಟರ್ ಯಂತ್ರ. ಏಪ್ರಿಲ್ ಕೊನೆ, ಮಧ್ಯಾಹ್ನ ಹೊರಗೆ 42 ಡಿಗ್ರಿ. ಔಟ್‌ಡೋರ್ ಟೆರೇಸ್ ಮೇಲೆ. ಗೇಜ್ 125 ಪಿಎಸ್‌ಐ ಒತ್ತಡ ತೋರಿಸುತ್ತಿತ್ತು, ಪೈಪ್ ಒಣಗಿತ್ತು. ಗ್ಯಾಸ್ ಬಿಟ್ಟೆ. ಮತ್ತೆ ಒಣ. ಮತ್ತೆ ಬಿಟ್ಟೆ. 160 ದಾಟಿದ ಮೇಲೆ ಸ್ವಲ್ಪ ತೇವ ಆದ ಹಾಗೆ ಅನ್ನಿಸಿತು, ಸಮಾಧಾನ ಮಾಡಿಕೊಂಡು ಇಳಿದು ಬಂದೆ. ಕರೆಂಟ್ ಒಂಬತ್ತೂವರೆ ಆಂಪಿಯರ್ ಇತ್ತು, ಬಿಸಿಲಿಗೆ ಹಾಗೆ ಅಂದುಕೊಂಡೆ. ಮೂರು ವಾರದಲ್ಲಿ ಫೋನ್ ಬಂತು. ಕಂಪ್ರೆಸರ್ ಮತ್ತು ಕೂಲಿ ಸೇರಿ ಹತ್ತಿರ ಹತ್ತಿರ 13,000, ಅದರಲ್ಲಿ ಅರ್ಧ ನಾನೇ ಕೊಟ್ಟೆ. ಆ ತಿಂಗಳು ಮನೆ ಬಾಡಿಗೆಗೆ ಸಾಲ ಮಾಡಿದ್ದೇನೆ.

ಪೈಪ್ ಯಾಕೆ ಬೆವರಲಿಲ್ಲ ಅನ್ನುವುದು ಅರ್ಥವಾಗಲು ಒಂದು ವರ್ಷ ಬೇಕಾಯಿತು. ಬೆವರು ಬರುವುದು ಗ್ಯಾಸಿನಿಂದ ಅಲ್ಲ, ಗಾಳಿಯಲ್ಲಿರುವ ನೀರಿನಿಂದ. ಮಂಗಳೂರಿನಲ್ಲಿ 33 ಡಿಗ್ರಿ, ತೇವ 70 ಪರ್ಸೆಂಟ್ ಇದ್ದರೆ 26 ಡಿಗ್ರಿಯ ಪೈಪ್ ಕೂಡ ಒದ್ದೆಯಾಗುತ್ತದೆ. ಅಂದರೆ ಅಲ್ಲಿ ಗ್ಯಾಸ್ ಕಡಿಮೆ ಇದ್ದಾಗಲೂ ಬೆವರು ಬರುತ್ತದೆ. ನಮ್ಮ ಕಡೆ 42 ಡಿಗ್ರಿ, ತೇವ 15 ಪರ್ಸೆಂಟ್. ಪೈಪ್ 12 ಡಿಗ್ರಿ ಇದ್ದರೂ ಒಣಗಿಯೇ ಇರುತ್ತದೆ! ಆ ದಿನ ಆ ಪೈಪ್ ಸರಿಯಾಗೇ ತಣ್ಣಗಿತ್ತು. ನಾನೇ ಅದರೊಳಗೆ ಸುಮ್ನೆ ಗ್ಯಾಸ್ ತುಂಬಿದೆ.

ಇನ್ನೊಂದು ಮೋಸ ಇನ್ವರ್ಟರ್‌ನದ್ದು. ರೂಮ್ ತಣ್ಣಗಾಗಿದ್ದರೆ ಕಂಪ್ರೆಸರ್ ನಿಧಾನ ಮಾಡುತ್ತದೆ, ಗೇಜ್ ಮೇಲೆ ಹೋಗುತ್ತದೆ. ಪೂರ್ತಿ ಓಡುವಾಗ ಕೆಳಗೆ ಬರುತ್ತದೆ. ಅದೇ ಯಂತ್ರ, ಅದೇ ಗ್ಯಾಸ್, ಬೆಳಿಗ್ಗೆ 160, ಮಧ್ಯಾಹ್ನ 130. ಇದರಲ್ಲಿ ಯಾವುದನ್ನು ನಂಬುತ್ತೀರಿ? ಅಮೆರಿಕದವರ ವಿಡಿಯೋ ನೋಡಿ ಸಬ್‌ಕೂಲಿಂಗ್ (ದ್ರವವಾದ ಗ್ಯಾಸ್ ಆಮೇಲೆ ಎಷ್ಟು ಡಿಗ್ರಿ ತಣ್ಣಗಾಗಿದೆ ಅನ್ನುವುದು) ಅಳೆಯಲು ಹೋಗಿ ಒಂದು ತಿಂಗಳು ಹಾಳು ಮಾಡಿಕೊಂಡೆ. ನಮ್ಮ ಸ್ಪ್ಲಿಟ್‌ನಲ್ಲಿ ಒತ್ತಡ ಇಳಿಸಿ ಗ್ಯಾಸ್ ತಣ್ಣಗೆ ಮಾಡುವ ಕ್ಯಾಪಿಲರಿಯಾಗಲಿ (ತೆಳು ನಳಿಕೆ) ಎಕ್ಸ್‌ಪ್ಯಾನ್ಷನ್ ವಾಲ್ವ್ ಆಗಲಿ ಔಟ್‌ಡೋರ್ ಒಳಗೇ ಇರುತ್ತದೆ. ಹೊರಗೆ ಬರುವ ಸಣ್ಣ ಪೈಪ್ ಆಗಲೇ ತಣ್ಣಗಾಗಿರುತ್ತದೆ, ಗೇಜ್ ಹಚ್ಚುವ ಜಾಗ ಇರುವುದು ದಪ್ಪ ಪೈಪಿಗೆ ಮಾತ್ರ. ಅಲ್ಲಿ ಸಬ್‌ಕೂಲಿಂಗ್ ಅಳೆಯುವುದು ಎಲ್ಲಿಂದ?

ಕೊನೆಗೆ ಉಳಿದ ದಾರಿ ಒಂದೇ. ಇರುವ ಗ್ಯಾಸ್ ಪೂರ್ತಿ ತೆಗೆ, ಲೀಕ್ ಮುಚ್ಚು, ವ್ಯಾಕ್ಯೂಮ್ ಮಾಡು (ಒಳಗಿನ ಗಾಳಿ, ತೇವ ಪಂಪಿನಿಂದ ಎಳೆ), ಯಂತ್ರದ ಪ್ಲೇಟ್ ಮೇಲೆ ಬರೆದ ಗ್ರಾಂ ತೂಗಿ ಹಾಕು. ಇದು ಎಲ್ಲರಿಗೂ ಗೊತ್ತು. ಮಾಡುವವರು ಮಾತ್ರ ಕಡಿಮೆ, ಯಾಕೆಂದರೆ ದುಡ್ಡು. ಎರಡು ಸ್ಟೇಜ್ ಪಂಪ್ 8,000ದ ಹತ್ತಿರ, ವ್ಯಾಕ್ಯೂಮ್ ಎಷ್ಟು ಆಳಕ್ಕೆ ಹೋಯಿತು ಅಂತ ತೋರಿಸುವ ಮೈಕ್ರಾನ್ ಗೇಜ್ 9,000, ಡಿಜಿಟಲ್ ಕಾಟಾ 3,500, ನಟ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ಪಾನಾ 4,500, ನೈಟ್ರೋಜನ್ ರೆಗ್ಯುಲೇಟರ್ ಮತ್ತು ಸಿಲಿಂಡರ್ ಡಿಪಾಸಿಟ್ ಬೇರೆ. ಒಟ್ಟು 30,000 ದಾಟಿತು. ನಮ್ಮ ಓಣಿಯ ಹಿರಿಯ ಮೇಸ್ತ್ರಿಯೊಬ್ಬರು ಕಾಟಾ ನೋಡಿ, "ತಮ್ಮಾ, ಇದು ಕಿರಾಣಿ ಅಂಗಡ್ಯಾಗ ಇರಬೇಕು, ಟೆರೇಸ್ ಮ್ಯಾಲ ಅಲ್ಲ" ಅಂದರು. ಗಿರಾಕಿಗಳು ಇನ್ನೊಂದು ರೀತಿ. "ಅವರು ಇಪ್ಪತ್ತು ನಿಮಿಷದಾಗ ಗ್ಯಾಸ್ ಹಾಕಿ ಹೋಗ್ತಾರ, ನೀವ್ಯಾಕ್ರಿ ಮೂರು ತಾಸು ಕುಂದರ್ತೀರಿ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ.

ಶುರುವಿನಲ್ಲಿ ವ್ಯಾಕ್ಯೂಮ್ ಬರಲೇ ಇಲ್ಲ. ಗೇಜ್ ಮುಳ್ಳು 30 ಇಂಚಿಗೆ ಹೋಗುತ್ತಿಲ್ಲ ಅಂತ ಪಂಪನ್ನು ಅಂಗಡಿಗೆ ವಾಪಸ್ ಒಯ್ದೆ. ಪಂಪ್ ಸರಿಯಾಗೇ ಇತ್ತು. ಕಲಬುರಗಿ ಸಮುದ್ರಕ್ಕಿಂತ 450 ಮೀಟರ್ ಮೇಲಿದೆ, ಇಲ್ಲಿ ಪೂರ್ತಿ ಎಳೆದರೂ ಮುಳ್ಳು 28ರ ಆಸುಪಾಸಿಗೆ ನಿಲ್ಲುತ್ತದೆ. ಬೆಂಗಳೂರಿನವರಿಗೆ 27 ಬಂದರೆ ಮುಗಿಯಿತು. ಅದಕ್ಕೇ ಮುಳ್ಳು ನೋಡಬೇಡಿ, ಮೈಕ್ರಾನ್ ನೋಡಿ. ನನಗೆ 500 ಒಳಗೆ ಬರಬೇಕು. ಆಮೇಲೆ ಪಂಪ್ ಬಂದ್ ಮಾಡಿ ಹತ್ತು ನಿಮಿಷ ಕಾಯುತ್ತೇನೆ. ಸಾವಿರದ ಹತ್ತಿರ ಏರಿ ನಿಂತರೆ ಒಳಗೆ ತೇವ ಇದೆ, ಏರುತ್ತಲೇ ಹೋದರೆ ಲೀಕ್ ಇದೆ.

ಎರಡು ದಿನ ಒಂದೇ ಮನೆಯಲ್ಲಿ 2,000ಕ್ಕಿಂತ ಕೆಳಗೆ ಬರಲಿಲ್ಲ. ನಾಲ್ಕೂ ಫ್ಲೇರ್ ಕತ್ತರಿಸಿ ಹೊಸದಾಗಿ ಹೊಡೆದೆ. ಲೀಕ್ ಇದ್ದದ್ದು ನನ್ನ ಹೋಸ್‌ನಲ್ಲಿ! ಮ್ಯಾನಿಫೋಲ್ಡ್ (ಗೇಜ್ ಕೂರಿಸಿದ ವಾಲ್ವ್ ಸೆಟ್) ಜೊತೆ ಬರುವ ಹೋಸ್ ರಬ್ಬರ್ ಗ್ಯಾಸ್ ತಡೆಯುತ್ತದೆ, ವ್ಯಾಕ್ಯೂಮ್ ತಡೆಯುವುದಿಲ್ಲ. ಈಗ ಮ್ಯಾನಿಫೋಲ್ಡ್ ಬಿಟ್ಟು ಪಂಪಿನಿಂದ ನೇರ ಒಂದು ದಪ್ಪ ಹೋಸ್ ಹಾಕುತ್ತೇನೆ, ಕೋರ್ ರಿಮೂವರ್ ಇಟ್ಟು ವಾಲ್ವ್ ಒಳಗಿನ ಪಿನ್ ಹೊರಗೆ ತೆಗೆಯುತ್ತೇನೆ. ಮೊದಲು 45 ನಿಮಿಷ ಹಿಡಿಯುತ್ತಿದ್ದದ್ದು ಈಗ 15 ನಿಮಿಷ. ಪಂಪ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಅಲ್ಲೇ ಬದಲಾಯಿಸಿ, ನೂರು ರೂಪಾಯಿ ಉಳಿಸಲು ಹೋಗಬೇಡಿ. ಗ್ಯಾಸ್ ಬಿಟ್ಟು ಗಾಳಿ ಹೊರಗೆ ಊದಿಸುವ ಹಳೇ ಚಾಳಿ ಈ ಹೊಸ ಯಂತ್ರಗಳಿಗೆ ಆಗದು, ಇವುಗಳ ಎಣ್ಣೆ ನೀರು ಹೀರುತ್ತದೆ.

ತೂಕದಲ್ಲೂ ಪೆಟ್ಟು ತಿಂದಿದ್ದೇನೆ. ಟೆರೇಸ್ ಗಾಳಿಗೆ ಕಾಟಾ 10, 15 ಗ್ರಾಂ ಆಚೆ ಈಚೆ ಆಡುತ್ತದೆ. ಈಗ ಎಣ್ಣೆ ಡಬ್ಬಿ ಕತ್ತರಿಸಿ ಮೂರು ಕಡೆ ಮರೆ ಮಾಡಿಕೊಂಡಿದ್ದೇನೆ. ಹೋಸ್ ಒಳಗೆ ಉಳಿಯುವ ಗ್ಯಾಸ್ ನನ್ನ ಹೋಸ್‌ಗೆ 25 ಗ್ರಾಂ, ನಿಮ್ಮದು ನೀವೇ ಅಳೆದುಕೊಳ್ಳಿ. ಪೈಪ್ ಉದ್ದ ಹೆಚ್ಚಿದ್ದರೆ ಮೀಟರಿಗೆ ಎಷ್ಟು ಗ್ರಾಂ ಜಾಸ್ತಿ ಅಂತ ಕಂಪನಿ ಹಾಳೆಯಲ್ಲೇ ಇರುತ್ತದೆ. ಬಿಚ್ಚಿ ಬೇರೆ ಮನೆಗೆ ಹಾಕಿದ ಯಂತ್ರದಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲ. ಗೋಡೆಯೊಳಗೆ ಹೋದ ಪೈಪಿನ ಉದ್ದವನ್ನು ಒಡೆಯದೆ ಅಳೆಯುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಫ್ಲೇರ್‌ಗೆ ಏನು ಹಚ್ಚುತ್ತೇನೆ ಅನ್ನುವುದನ್ನೂ ಹೇಳಲಾರೆ, ಅದು ನನ್ನ ಹೊಟ್ಟೆಪಾಡು.

ಆರ್-32ಗೂ ಬೆಂಕಿ ಹತ್ತುತ್ತದೆ, ಮರೆಯಬೇಡಿ. ಗ್ಯಾಸ್ ತೆಗೆದು ನೈಟ್ರೋಜನ್ ಹಾಯಿಸದೆ ಬೆಸುಗೆಯ ಟಾರ್ಚ್ ಹಿಡಿಯಬೇಡಿ. ಪ್ರೊಪೇನಿನ ಆರ್-290 ಯಂತ್ರ ಅಪರೂಪಕ್ಕೆ ಬರುತ್ತದೆ. ಅದರೊಳಗೆ ಇರುವುದೇ 300 ಚಿಲ್ಲರೆ ಗ್ರಾಂ, 30 ಗ್ರಾಂ ತಪ್ಪಿದರೆ ಹತ್ತು ಪರ್ಸೆಂಟ್ ತಪ್ಪಿದ ಹಾಗೆ. ಅಲ್ಲಿ ಕಾಟಾ ಇಲ್ಲದೆ ಕೆಲಸವೇ ಇಲ್ಲ.

ತೂಗಿ ಹಾಕಿದ ಮೇಲೂ ಸೂಪರ್‌ಹೀಟ್ (ಒಳಗೆ ಗ್ಯಾಸ್ ಕುದಿಯುವ ಡಿಗ್ರಿಗಿಂತ ದಪ್ಪ ಪೈಪ್ ಎಷ್ಟು ಹೆಚ್ಚು ಅನ್ನುವುದು) ನೋಡಿಯೇ ಇಳಿಯುತ್ತೇನೆ. ರಿಮೋಟ್ 16ಕ್ಕೆ ಇಟ್ಟು, ಬಾಗಿಲು ತೆರೆದು, ಕಂಪ್ರೆಸರ್ ಪೂರ್ತಿ ಓಡಲು 20 ನಿಮಿಷ ಬಿಡಬೇಕು. ಗೇಜ್ 140 ಇದ್ದರೆ ಆರ್-32 ಕುದಿಯುವುದು ಸುಮಾರು 9 ಡಿಗ್ರಿಗೆ, ಪೈಪ್ 13 ತೋರಿಸಿದರೆ ನನಗೆ ನಿದ್ದೆ ಬರುತ್ತದೆ. ಇನ್ವರ್ಟರ್ ಅಲ್ಲದ ಕ್ಯಾಪಿಲರಿ ಯಂತ್ರಕ್ಕೆ ಲೆಕ್ಕ ಬೇರೆ. ಫ್ಯಾರನ್‌ಹೀಟ್‌ನಲ್ಲಿ ಒಳಗಿನ ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಡಿಗ್ರಿ) ಮೂರು ಪಟ್ಟು, ಅದರಲ್ಲಿ 80 ಕಳೆದು, ಹೊರಗಿನ ಬಿಸಿ ಕಳೆದು, ಅರ್ಧ ಮಾಡಿ. ಒಳಗೆ ವೆಟ್ ಬಲ್ಬ್ 67 ಇದ್ದು ಹೊರಗೆ ಬೆಳಿಗ್ಗೆ 86 ಇದ್ದರೆ ಹದಿನೇಳೂವರೆ ಬರುತ್ತದೆ. ಮಧ್ಯಾಹ್ನ 108 ಆದರೆ ಬರೀ ಆರೂವರೆ. ಅಂದರೆ ಬೆಳಿಗ್ಗೆ ಏಳಕ್ಕೆ ಹೋಗಿ ಸೂಪರ್‌ಹೀಟ್ ಕಡಿಮೆ ಮಾಡಲು ಗ್ಯಾಸ್ ತುಂಬಿದವರ ಯಂತ್ರ ಮಧ್ಯಾಹ್ನ ಕಂಪ್ರೆಸರ್‌ಗೆ ದ್ರವ ಕುಡಿಸುತ್ತದೆ. ನನ್ನ ಗೆಳೆಯರಲ್ಲಿ ಇದನ್ನು ನಂಬಿದವರು ಇಬ್ಬರೇ.

ನಡುವೆ ಬೇರೆ ಹುಚ್ಚೂ ಮಾಡಿದೆ. ಒಬ್ಬರ ಔಟ್‌ಡೋರ್ ಹಿಂದೆ ಸಣ್ಣ ನಾಜಲ್ ಇಟ್ಟು ನೀರು ಸಿಂಪಡಿಸಿದೆ. ಕರೆಂಟ್ ಏಳರಿಂದ ಆರಕ್ಕೆ ಇಳಿಯಿತು, ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬೋರಿನ ನೀರು ಎಷ್ಟು ಗಡಸು ಅಂತ ಮರೆತಿದ್ದೆ. ಒಂದು ತಿಂಗಳಲ್ಲಿ ಫಿನ್ ಮೇಲೆಲ್ಲ ಬಿಳಿ ಪೊರೆ, ಕರೆಂಟ್ ಮೊದಲಿಗಿಂತ ಜಾಸ್ತಿ. ಮೂರು ಸಲ ತೊಳೆದರೂ ಪೂರ್ತಿ ಹೋಗಲಿಲ್ಲ. ನನ್ನ ಮನೆ ಟೆರೇಸಿಗೆ ಸುಣ್ಣಕ್ಕೆ ಅಂಟು ಸೇರಿಸಿ ಎರಡು ಕೋಟ್ ಹೊಡೆದದ್ದು ಮಾತ್ರ ಫಲ ಕೊಟ್ಟಿತು. ರೂಮಿನ ಸ್ಲ್ಯಾಬ್ ಕೆಳಗಿನಿಂದ 45 ಇದ್ದದ್ದು 39ಕ್ಕೆ ಬಂತು, ಖರ್ಚು 1,500 ಒಳಗೆ. ಮೇಲಿನ ಮಹಡಿಯವರಿಗೆ ಈಗ ಗ್ಯಾಸ್‌ಗಿಂತ ಮೊದಲು ಸುಣ್ಣವನ್ನೇ ಹೇಳುತ್ತೇನೆ. ಔಟ್‌ಡೋರ್‌ಗೆ ಹಸಿರು ನೆಟ್ ನೆರಳು ಕಟ್ಟುವವರು ನಾಲ್ಕು ಅಡಿ ಮೇಲೆ ಕಟ್ಟಿ. ಮೈಗೆ ಸುತ್ತಿದರೆ ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ.

ದುಡ್ಡಿನ ಲೆಕ್ಕ ಹೀಗೆ. ಬೇರೆಯವರು ಗ್ಯಾಸ್‌ಗೆ 2,500 ತೆಗೆದುಕೊಂಡರೆ ನಾನು ಲೀಕ್ ಕೆಲಸ ಸೇರಿ 4,000 ಹೇಳುತ್ತೇನೆ. ಮೊದಲ ವರ್ಷ ಅರ್ಧ ಗಿರಾಕಿಗಳು ಹೋದರು. ಎರಡನೇ ವರ್ಷ ಅವರಲ್ಲೇ ಕೆಲವರು, ಬೇರೆ ಕಡೆ ಎರಡು ಸಲ ಟಾಪ್ ಅಪ್ ಮಾಡಿಸಿಕೊಂಡು, ವಾಪಸ್ ಬಂದರು. ಹೋದ ಬೇಸಿಗೆಯಲ್ಲಿ ಸುಮಾರು 140 ಯಂತ್ರ ಮಾಡಿದೆ, ಗ್ಯಾಸ್ ಹೋಯಿತು ಅಂತ ಮತ್ತೆ ಕರೆದವರು ನಾಲ್ಕೋ ಐದೋ. ಅದರಲ್ಲಿ ಎರಡು ಇಂಡೋರ್ ಕಾಯಿಲ್ ತೂತಾದದ್ದು, ಫ್ಲೇರ್ ಲೀಕ್ ಒಂದೂ ಇಲ್ಲ. ನಮ್ಮ ಸುತ್ತಮುತ್ತ ಈ ಲೆಕ್ಕ ಕೊಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಕಿರಾಣಿ ಅಂಗಡಿ ಅಂದ ಮೇಸ್ತ್ರಿ ಅಣ್ಣ ಈ ಮಾರ್ಚ್‌ನಲ್ಲಿ ನನ್ನ ಪಂಪನ್ನು ಎರಡು ಸಲ ಒಯ್ದಿದ್ದಾರೆ. ಕಾಟಾ ಇನ್ನೂ ಕೇಳಿಲ್ಲ.

ನಾನು ಕಂಪ್ರೆಸರ್ ಸುಟ್ಟ ಆ ಮನೆಗೆ ಪ್ರತಿ ಮೇ ತಿಂಗಳು ಹೋಗುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊಸ ಕಂಪ್ರೆಸರ್‌ಗೆ ಎರಡನೇ ವರ್ಷ 870 ಗ್ರಾಂ ತೂಗಿ ಹಾಕಿದ್ದೆ. ಮೊನ್ನೆ ಹೊರಗೆ 43 ಇತ್ತು, ಪೈಪ್ ಕಟ್ಟಾ ಒಣ. ಕ್ಲ್ಯಾಂಪ್ ಮೀಟರ್ 7.2 ಆಂಪಿಯರ್ ತೋರಿಸಿತು, ಸೂಪರ್‌ಹೀಟ್ ನಾಲ್ಕು. ಆ ಮನೆಯ ಅಮ್ಮ ಮಜ್ಜಿಗೆ ಕೊಟ್ಟರು, ಕುಡಿದು ಮುಂದಿನ ಮನೆಗೆ ಹೋದೆ.