ಬೀರು ಮೇಲಿನ ರೀಲು, ಫ್ರಿಜ್ಜಿನೊಳಗಿನ ರೀಲು

ಸೋದರಮಾವ ಮನೆ ಬದಲಾಯಿಸುವಾಗ ಒಂದು ಹಳೆಯ ಚಪ್ಪಲಿ ಡಬ್ಬ ನನ್ನ ಕೈಗಿಟ್ಟರು. "ನೀನಿನ್ನೂ ರೀಲ್ ಕ್ಯಾಮೆರಾ ಹಿಡ್ಕೊಂಡು ಓಡಾಡ್ತೀಯಲ್ಲ, ತಗೋ. ಇಲ್ಲಾಂದ್ರೆ ಕಸಕ್ಕೆ ಹೋಗುತ್ತೆ." ಒಳಗೆ ಹನ್ನೊಂದು ರೀಲುಗಳಿದ್ದವು. ಏಳು ಕಲರ್, ಮೂರು ಕಪ್ಪುಬಿಳುಪು, ಇನ್ನೊಂದು ಮಾತ್ರ ಡಬ್ಬಿಯಿಲ್ಲದ ಅನಾಥ. ಅದರ ತುದಿ ಪೂರ್ತಿ ಒಳಗೆ ಸುತ್ತಿಕೊಂಡಿತ್ತು. ಅಂದರೆ ಯಾರೋ ಆಗಲೇ ಫೋಟೋ ತೆಗೆದು, ತೊಳೆಸದೆ ಬಿಟ್ಟಿದ್ದ ರೀಲು. ಅದರ ಕಥೆ ಆಮೇಲೆ.

ಕಲರ್ ರೀಲುಗಳ ಡಬ್ಬಿಯ ಮೇಲೆ ಅವಧಿ 2003ಕ್ಕೆ ಮುಗಿಯುತ್ತದೆಂದು ಅಚ್ಚಾಗಿತ್ತು. ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, 400; ಈ ಅಂಕಿ ಚಿಕ್ಕದಾದಷ್ಟೂ ಫಿಲ್ಮಿಗೆ ಹೆಚ್ಚು ಬೆಳಕು ಬೇಕು. ಖುಷಿಯಲ್ಲಿ ಹಿಂದುಮುಂದು ನೋಡದೆ ಒಂದನ್ನು ಕ್ಯಾಮೆರಾಗೆ ಹಾಕಿ, ಬೆಳಕು ಅಳೆಯುವ ಮೀಟರನ್ನು 400ಕ್ಕೇ ಇಟ್ಟು, ಒಂದು ಇಡೀ ದಿನದ ತಿರುಗಾಟ ಅದರಲ್ಲಿ ತೆಗೆದೆ. ಲ್ಯಾಬಿನಿಂದ ನೆಗೆಟಿವ್ ಬಂದಾಗ ಹೊಟ್ಟೆ ಉರಿಯಿತು. ಖಾಲಿ ಅಂಚೇ ಮಬ್ಬು ಮಬ್ಬು, ಚಿತ್ರವಿರಬೇಕಾದ ಕಡೆ ಜೀವವೇ ಇಲ್ಲ. ಸ್ಕ್ಯಾನ್ ಮಾಡಿದರೆ ನೆರಳೆಲ್ಲ ಪಾಚಿ ಹಸಿರು, ಅದರ ಮೇಲೆ ಮರಳು ಎರಚಿದಂಥ ಕಾಳು ಕಾಳು.

ಹೋದದ್ದು ಹೋಯಿತು ಎಂದು ಎರಡನೆಯದನ್ನೂ ಹಾಕಿದೆ. ಈ ಸಲ 200ಕ್ಕೆ ಇಟ್ಟೆ. ಅದು ಹೊಸ ರೀಲಿನಷ್ಟೇ ಚೆನ್ನಾಗಿ ಬಂತು! ಅದೇ ಕಂಪನಿ, ಅದೇ ತಾರೀಖು, ಡಬ್ಬಿಯ ಮೇಲಿನ ಬ್ಯಾಚ್ ನಂಬರೂ ಅದೇ. ಒಂದು ಸ್ಟಾಪಿನ, ಅಂದರೆ ಎರಡು ಪಟ್ಟು ಬೆಳಕಿನ, ವ್ಯತ್ಯಾಸಕ್ಕೆ ಇಷ್ಟು ಅಂತರ ಬರುವುದಿಲ್ಲ. ಮಾವನಿಗೆ ಫೋನ್ ಮಾಡಿದೆ.

"ಮಾವ, ಈ ರೀಲೆಲ್ಲ ಎಲ್ಲಿಟ್ಟಿದ್ರಿ?"

"ಬೀರು ಮೇಲೆ, ಇನ್ನೆಲ್ಲಿ? ಶೀಟಿನ ಕೆಳಗೆ ಇತ್ತಲ್ಲ, ಅದೇ ಬೀರು." ಸ್ವಲ್ಪ ಹೊತ್ತು ಬಿಟ್ಟು, "ತಡಿ, ಒಂದು ನಾಲ್ಕನ್ನ ನಿಮ್ಮತ್ತೆ ಔಷಧಿ ಜೊತೆ ಫ್ರಿಜ್ಜಲ್ಲಿ ಇಟ್ಟಿದ್ಲು. ಖಾಲಿ ಮಾಡುವಾಗ ಎಲ್ಲಾ ಒಂದೇ ಡಬ್ಬಕ್ಕೆ ತುಂಬಿಬಿಟ್ವಿ."

ಅಲ್ಲಿಗೆ ನನಗೆ ಪಾಠವಾಯಿತು. ಡಬ್ಬಿಯ ಮೇಲಿನ ತಾರೀಖು ಹೇಳುವುದು ಅರ್ಧ ಮಾತ್ರ. ಇಷ್ಟು ವರ್ಷ ರೀಲು ಎಲ್ಲಿ ಮಲಗಿತ್ತು ಎಂಬುದು ಉಳಿದರ್ಧ, ಅದೇ ದೊಡ್ಡ ಅರ್ಧ. ಈಗ ಯಾರಾದರೂ ಹಳೆಯ ರೀಲು ಕೊಟ್ಟರೆ ಮೊದಲು ಕೇಳುವುದೇ ಅದನ್ನು.

ಒಳಗೆ ಆಗುವುದು ಇಷ್ಟು. ಫಿಲ್ಮಿನ ಮೇಲೆ ಜೆಲಾಟಿನ್ ಪದರ, ಅದರಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಹರಳುಗಳು. ಬೆಳಕು ತಾಗಿದ ಹರಳು ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಕಪ್ಪಾಗಬೇಕು, ತಾಗದ್ದು ಸುಮ್ಮನಿರಬೇಕು. ಆದರೆ ಸೆಕೆ ಒಂದಷ್ಟು ಹರಳುಗಳನ್ನು ಬೆಳಕಿಲ್ಲದೆಯೇ ಕೆರಳಿಸಿಬಿಡುತ್ತದೆ. ಅವು ಡೆವಲಪರಿಗೆ ಇಳಿದ ಕೂಡಲೇ ತಾವೂ ಬೆಳಕು ಕಂಡವರಂತೆ ಕಪ್ಪಾಗುತ್ತವೆ. ಇದೇ ಫಾಗ್. ಅದೇ ಹೊತ್ತಿಗೆ ಉಳಿದ ಹರಳುಗಳ ಚುರುಕೂ ಇಳಿಯುತ್ತದೆ. ತೇವವೂ ಕಾಟ ಕೊಡುತ್ತದೆ. ಕಾಗದದ ಜೊತೆ ಸುತ್ತಿ ಬರುವ 120ರ ಅಗಲ ರೀಲಿನಲ್ಲಂತೂ ಹಿಂದಿನ ಕಾಗದದ ಅಂಕಿಗಳೇ ಚಿತ್ರದ ಆಕಾಶದಲ್ಲಿ ಮೂಡಿಬಿಡುತ್ತವೆ. ನನ್ನ ಒಂದು ಮೋಡದ ಫೋಟೋದಲ್ಲಿ 7 ಎಂಬ ಅಂಕಿ ತೇಲುತ್ತಿದೆ. ಚೆನ್ನಾಗೇ ಕಾಣುತ್ತದೆ ಎನ್ನುವವರೂ ಇದ್ದಾರೆ, ನಾನಲ್ಲ.

ಇವೆರಡರ ಜೊತೆಗೆ ವಿಕಿರಣ. ನೆಲದಿಂದಲೂ ಅಂತರಿಕ್ಷದಿಂದಲೂ ಸದಾ ಬರುತ್ತಿರುವ ಸಣ್ಣ ಪ್ರಮಾಣದ ವಿಕಿರಣಕ್ಕೆ ಫ್ರೀಜರೂ ಅಡ್ಡ ಬರುವುದಿಲ್ಲ. ದೊಡ್ಡ ಹರಳುಗಳಿರುವ ವೇಗದ ಫಿಲ್ಮಿಗೆ ಇದರ ಪೆಟ್ಟು ಹೆಚ್ಚು. ಹಾಗಾಗಿ ಹಳೆಯ 1600, 3200 ವೇಗದ ರೀಲುಗಳ ಮೇಲೆ ನಾನು ಆಸೆ ಇಟ್ಟುಕೊಳ್ಳುವುದಿಲ್ಲ. 25, 50, 100ರವು ಗಟ್ಟಿ ಪಿಂಡ.

ಹಳೆಯ ರೀಲು ಬಳಸುವವರ ಬಾಯಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಅವಧಿ ಮುಗಿದ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು. ಇಪ್ಪತ್ತು ವರ್ಷ ಹಳೆಯ 400 ಆದರೆ ಅದನ್ನು 100 ಎಂದುಕೊಂಡು ತೆಗೆಯಬೇಕು. ಕಲರ್ ನೆಗೆಟಿವಿಗೆ, ಅದೂ ಬೀರು ಮೇಲೆ ಇದ್ದದ್ದಕ್ಕೆ, ಈ ಲೆಕ್ಕ ಸುಮಾರಾಗಿ ಸರಿ. ಕಪ್ಪುಬಿಳುಪಿಗೆ ಅರ್ಧ ಸಾಕು. ಫ್ರಿಜ್ಜಿನಲ್ಲಿದ್ದದ್ದಕ್ಕೆ ಇಷ್ಟೆಲ್ಲ ಬೇಡ. ಆದರೂ ಎಲ್ಲಿತ್ತೆಂದು ಗೊತ್ತಿಲ್ಲದಿದ್ದರೆ ಬೆಳಕು ಹೆಚ್ಚು ಕೊಟ್ಟೇ ತಪ್ಪು ಮಾಡಿ. ಹೆಚ್ಚಾದ ಬೆಳಕನ್ನು ನೆಗೆಟಿವ್ ತಡೆದುಕೊಳ್ಳುತ್ತದೆ. ಕಡಿಮೆ ಬಿದ್ದ ಕಡೆ ಏನೂ ಇರುವುದಿಲ್ಲ, ಇಲ್ಲದ್ದನ್ನು ಯಾವ ಸ್ಕ್ಯಾನರೂ ತರಲಾರದು.

ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಸ್ಲೈಡ್ ಫಿಲ್ಮಿಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಎಲ್ಲವೂ ತಿರುಗುಮುರುಗು: ಫಾಗ್ ಆದರೆ ಕಪ್ಪು ತೆಳುವಾಗುತ್ತದೆ. ಅದರ ಮೇಲೆ ಇನ್ನೆರಡು ಸ್ಟಾಪ್ ಬೆಳಕು ಸುರಿದರೆ ಮುಖಗಳು ಬಿಳಿಚಿ ಹೋಗುತ್ತವೆ. ನಾನು ಹಳೆಯ ಸ್ಲೈಡಿಗೆ ಹೆಚ್ಚೆಂದರೆ ಅರ್ಧ ಸ್ಟಾಪ್ ಕೊಡುತ್ತೇನೆ.

ಇನ್ನೊಂದು ಎಡವಟ್ಟು. ತಾನೇ ವೇಗ ಓದಿಕೊಳ್ಳುವ ಕ್ಯಾಮೆರಾದಲ್ಲಿ ನಿಮ್ಮ ಲೆಕ್ಕ ನಡೆಯುವುದಿಲ್ಲ. ರೀಲಿನ ಮೈಮೇಲಿನ ಬೆಳ್ಳಿ ಚೌಕಗಳನ್ನು ನೋಡಿ ಅದು 400 ಎಂದೇ ಹಟ ಹಿಡಿಯುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಾಂಪೆನ್ಸೇಷನ್ ಗುಂಡಿ ಇದ್ದರೆ ಪ್ಲಸ್ ಎರಡಕ್ಕೆ ತಿರುಗಿಸಿ. ಇಲ್ಲದಿದ್ದರೆ ಚೌಕಗಳ ಮೇಲೆ ಟೇಪ್ ಅಂಟಿಸಿ. ಏನೂ ಓದಲಾಗದಿದ್ದಾಗ ಹಲವು ಕ್ಯಾಮೆರಾಗಳು 100 ಎಂದುಕೊಳ್ಳುತ್ತವೆ. ನಿಮ್ಮ ಕ್ಯಾಮೆರಾ ಏನೆಂದುಕೊಳ್ಳುತ್ತದೆ ಎಂದು ಅದರ ಕೈಪಿಡಿ ನೋಡಿ.

ಉಳಿದ ರೀಲುಗಳನ್ನು ಕುರುಡಾಗಿ ಹಾಕಲು ಮನಸ್ಸಾಗಲಿಲ್ಲ. ಕಪ್ಪುಬಿಳುಪಿನವನ್ನು ಮನೆಯಲ್ಲೇ ತೊಳೆಯುವವನಾದ್ದರಿಂದ ಅದರಲ್ಲಿ ಮೊದಲು ಪರೀಕ್ಷೆ ಮಾಡಿದೆ. ಮೂರೂ ಒಂದೇ ಬ್ಯಾಚಿನವು, ಮೂರೂ ಬೀರು ಮೇಲಿನವು, ವೇಗ 100. ಒಂದನ್ನು ಹಾಕಿ, ಬಿಸಿಲೂ ನೆರಳೂ ಇರುವ ಒಂದೇ ಗೋಡೆಯನ್ನು ಟ್ರೈಪಾಡ್ ಮೇಲಿಂದ ಐದು ಸಲ ತೆಗೆದೆ: 100, 50, 25, 12, 6. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಎರಡು ಖಾಲಿ ಫ್ರೇಮ್. ಕತ್ತಲೆ ಚೀಲದೊಳಗೆ ಕ್ಯಾಮೆರಾ ತೆರೆದು, ರೀಲಿನ ಬಾಯಿಯ ಹತ್ತಿರ ಫಿಲ್ಮ್ ಕತ್ತರಿಸಿ, ಆ ತುಂಡನ್ನಷ್ಟೇ ತೊಳೆದೆ. ಮಿಕ್ಕದ್ದರ ತುದಿಯನ್ನು ಮತ್ತೆ ನಾಲಗೆಯ ಆಕಾರಕ್ಕೆ ಕತ್ತರಿಸಿದರೆ ರೀಲು ಮರುಬಳಕೆಗೆ ಸಿದ್ಧ. ಇಷ್ಟಕ್ಕೆ ಸ್ವಲ್ಪ ಫಿಲ್ಮ್ ವ್ಯರ್ಥವಾಗುತ್ತದೆ, ಆಗಲಿ.

ಫಾಗ್ ಎಷ್ಟಿದೆ ಎಂದು ನೋಡಲು ಒಂದು ಸಣ್ಣ ಉಪಾಯವಿದೆ. ಬೆಳಕು ತಾಗದ ಎರಡು ಚೂರು ತೆಗೆದುಕೊಳ್ಳಿ. ಒಂದನ್ನು ಡೆವಲಪರ್, ಆಮೇಲೆ ಕಪ್ಪಾಗದ ಹರಳುಗಳನ್ನು ಕರಗಿಸಿ ತೆಗೆಯುವ ಫಿಕ್ಸರ್, ಎರಡರಲ್ಲೂ ಹಾಯಿಸಿ. ಇನ್ನೊಂದನ್ನು ಬರೀ ಫಿಕ್ಸರಿನಲ್ಲಿ. ಒಣಗಿದ ಮೇಲೆ ಎರಡನ್ನೂ ಬಿಳಿ ಕಾಗದದ ಮೇಲಿಡಿ. ಎರಡನೆಯದು ಬರೀ ಪ್ಲಾಸ್ಟಿಕ್ಕಿನ ಬಣ್ಣ ತೋರಿಸುತ್ತದೆ. ಮೊದಲನೆಯದು ಅದಕ್ಕಿಂತ ಎಷ್ಟು ಬೂದಿಯಾಗಿದೆಯೋ ಅದೇ ವಯಸ್ಸು ತಂದ ಮಬ್ಬು. ನನ್ನ ಚೂರಿನ ಮೂಲಕ ಅಚ್ಚಾದ ಅಕ್ಷರ ಸುಲಭವಾಗಿ ಓದಲು ಬಂತು. ಐದು ಫ್ರೇಮುಗಳಲ್ಲಿ 25ರದ್ದು ಚೆನ್ನಾಗಿತ್ತು. ಮಿಕ್ಕವನ್ನೆಲ್ಲ 25ಕ್ಕೇ ತೆಗೆದೆ.

ತೊಳೆಯುವಾಗ ಮಾಡಬಾರದ್ದನ್ನೂ ನಾನು ಮಾಡಿದ್ದೇನೆ. ಚಿತ್ರ ತೆಳುವಾಗಬಹುದೆಂದು ಹೆದರಿ ಒಂದು ತುಂಡನ್ನು ತೀರ ತೆಳು ಡೆವಲಪರಿನಲ್ಲಿ ಒಂದು ಗಂಟೆ ಅಲುಗಾಡಿಸದೆ ನೆನೆಹಾಕಿದೆ. ಚಿತ್ರಕ್ಕಿಂತ ಮುಂಚೆ ಫಾಗೇ ಕೊಬ್ಬಿತು. ಹೆಚ್ಚು ಹೊತ್ತು ತೊಳೆಯುವುದೆಂದರೆ ಕೆರಳಿದ ಹರಳುಗಳಿಗೂ ಹೆಚ್ಚು ಹೊತ್ತು ಕೊಟ್ಟಂತೆ. ಬೆಳಕನ್ನು ಕ್ಯಾಮೆರಾದಲ್ಲೇ ಕೊಡಬೇಕು, ಟ್ಯಾಂಕಿನಲ್ಲಿ ಎಳೆಯಬಾರದು. ನಾನೀಗ ಎಚ್‌ಸಿ-110 ಬಳಸುತ್ತೇನೆ. ಫಾಗ್ ಕಡಿಮೆ ಎಬ್ಬಿಸುತ್ತದೆಂದು ಹಳೆಯ ಫಿಲ್ಮಿನವರು ಇಷ್ಟಪಡುವ ಡೆವಲಪರ್ ಅದು. ಬೆಂಜೋಟ್ರಯಜೋಲ್ ಎಂಬ ಪುಡಿ ಬೆರೆಸಿ ಫಾಗ್ ತಗ್ಗಿಸುವವರಿದ್ದಾರೆ. ಅದು ವೇಗವನ್ನೂ ಸ್ವಲ್ಪ ತಿನ್ನುತ್ತದೆ, ಹಾಗಾಗಿ ತೀರ ಕೆಟ್ಟ ರೀಲಿಗೆ ಮಾತ್ರ. ಕಲರನ್ನು ಲ್ಯಾಬಿಗೆ ಕೊಡುವಾಗಲೂ "ಪುಶ್ ಬೇಡ, ಮಾಮೂಲಿ ತೊಳೀರಿ" ಎಂದಷ್ಟೇ ಹೇಳುತ್ತೇನೆ; ಪುಶ್ ಅಂದರೆ ಹೆಚ್ಚು ಹೊತ್ತು ತೊಳೆಯುವುದು.

ಕಲರಿನ ಬಣ್ಣದ ಬಗ್ಗೆ ಹುಸಿ ಭರವಸೆ ಬೇಡ. ಅದರಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆ ಬೇರೆ ಪದರಗಳಿವೆ, ಮೂರೂ ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ನೆರಳು ಹಸಿರಿನ ಕಡೆ, ಬಿಸಿಲು ಗುಲಾಬಿಯ ಕಡೆ ಎಳೆಯುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಬೀರು ಮೇಲಿನ ಉಳಿದ ಎರಡು ಕಲರ್ ರೀಲುಗಳನ್ನು 100ಕ್ಕೆ ತೆಗೆದು, ಸ್ಕ್ಯಾನ್ ಮಾಡಿ, ಕೊನೆಗೆ ಕಪ್ಪುಬಿಳುಪಿಗೆ ತಿರುಗಿಸಿದೆ. ತೃಪ್ತಿಯಾಯಿತು. ಮದುವೆ, ನಾಮಕರಣ, ಮತ್ತೆ ಸಿಗದ ಮುಖಗಳಿಗೆ ಇಂಥ ರೀಲು ಹಾಕುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ.

ಈಗ ನನ್ನ ರೀಲುಗಳ ಜಾಗ ಫ್ರಿಜ್. ವರ್ಷದೊಳಗೆ ಬಳಸುವವು ಕೆಳಗೆ, ತಡವಾಗಿ ಬಳಸುವವು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ. ಕಾರ್ಖಾನೆಯ ಮುಚ್ಚಳ, ಫಾಯಿಲ್ ತೆರೆಯುವುದಿಲ್ಲ; ತೆರೆದವಾದರೆ ಜಿಪ್ ಚೀಲ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಅವಧಿಯ ತಾರೀಖು ಹೊರಡಬ್ಬಿಯ ಮೇಲೆ ಇರುತ್ತದೆ, ರೀಲಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಮಾರ್ಕರಿನಲ್ಲಿ ತಾರೀಖನ್ನೂ ಫ್ರಿಜ್ಜಿಗಿಟ್ಟ ದಿನವನ್ನೂ ಚೀಲದ ಮೇಲೆ ಬರೆಯುತ್ತೇನೆ. ಬಳಸುವ ಹಿಂದಿನ ರಾತ್ರಿಯೇ ಹೊರಗಿಟ್ಟು, ಚೀಲ ಬಿಚ್ಚದೆ ಬಿಡುತ್ತೇನೆ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಫಿಲ್ಮಿನ ಮೇಲೆ ಹನಿಗಟ್ಟುತ್ತದೆ. ಇನ್‌ಸ್ಟಂಟ್ ಫಿಲ್ಮ್ ಮಾತ್ರ ಫ್ರೀಜರಿಗೆ ಬೇಡ, ಅದರೊಳಗಿನ ರಾಸಾಯನಿಕದ ಚೀಲ ಹಾಳಾಗುತ್ತದೆ.

ಇನ್ನು ಆ ಅನಾಥ. ತೆಗೆದು ತೊಳೆಯದ ಚಿತ್ರವನ್ನೂ ತಂಪು ಎಷ್ಟು ಕಾಯಬಲ್ಲದು ಎಂಬುದಕ್ಕೆ ದೊಡ್ಡ ಸಾಕ್ಷಿ 1897ರ ಸ್ವೀಡನ್ನಿನ ಆಂಡ್ರೇ ಬಲೂನ್ ಯಾತ್ರೆ. ಉತ್ತರ ಧ್ರುವಕ್ಕೆ ಹೊರಟು ಸತ್ತ ಮೂವರ ರೀಲುಗಳು 1930ರಲ್ಲಿ ಹಿಮದ್ವೀಪವೊಂದರಲ್ಲಿ ಸಿಕ್ಕವು. ಛಾಯಾಗ್ರಹಣ ತಜ್ಞ ಜಾನ್ ಹರ್ಟ್ಸ್‌ಬರ್ಗ್ 33 ವರ್ಷಗಳ ಆ ಫಿಲ್ಮಿನಿಂದ 93 ಚಿತ್ರಗಳನ್ನು ಉಳಿಸಿಕೊಂಡರು. ನನ್ನದು ಬೀರು ಮೇಲಿನದು. ಅಂಥ ಆಸೆ ಇರಲಿಲ್ಲ. ಅದು ಕಲರ್ ಎಂದು ಮೈಮೇಲೆ ಬರೆದಿದ್ದರೂ ಬಣ್ಣ ಉಳಿದಿರಲಾರದೆಂದು ಕಪ್ಪುಬಿಳುಪು ಡೆವಲಪರಿನಲ್ಲೇ ತೊಳೆದೆ.

ಹೊಗೆ ಹಿಡಿದ ಗಾಜಿನಂಥ ನೆಗೆಟಿವ್. ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದರೆ ಆರು ಫ್ರೇಮುಗಳಲ್ಲಿ ಏನೋ ಇತ್ತು. ಸ್ಕ್ಯಾನ್ ಮಾಡಿದೆ. ಆರರಲ್ಲೂ ಒಂದೇ ಕಿಟಕಿ, ಒಂದೇ ಕುರ್ಚಿ. ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು ಬೆಳಕು. ಮಾವನಿಗೆ ಕಳಿಸಿದೆ.

"ಅಯ್ಯೋ, ಅದಾ? ಅವತ್ತು ಅಗ್ಗಕ್ಕೆ ಸಿಕ್ಕಿದ ಎಕ್ಸ್‌ಪೈರ್ ಆದ ರೀಲು ಕಣೋ. ಟೆಸ್ಟ್ ಮಾಡ್ತಿದ್ದೆ."