ಆನೆಗೊಂದಿಯ ಬಂಡೆಗಳ ನಡುವೆ ರಾಕ್ಷಸನನ್ನು ನಿಲ್ಲಿಸುವುದು ಹೇಗೆ

ಸಿನಿಮಾದಲ್ಲಿ ಸಿಜಿ ರಾಕ್ಷಸ, ಅಂದರೆ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ರಾಕ್ಷಸ, ಬಂಡೆಯ ಮೇಲೆ ನಿಲ್ಲದೆ ತೇಲಿದಂತೆ ಕಂಡರೆ ಬೈಗುಳವೆಲ್ಲ ಕಂಪ್ಯೂಟರ್ ಮುಂದೆ ಕೂತವನಿಗೆ. ತಪ್ಪು ಹೆಚ್ಚಿನ ಸಲ ಬಂಡೆಯ ಹತ್ತಿರವೇ ಆಗಿರುತ್ತದೆ, ಯಾರೂ ಏನನ್ನೂ ಬರೆದಿಟ್ಟುಕೊಂಡಿರುವುದಿಲ್ಲ.

ಮೊದಲು ನೆರಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನಾಯಕನ ಶಾಟ್ ಬೆಳಿಗ್ಗೆ 8ಕ್ಕೆ, ರಾಕ್ಷಸನ ಜಾಗದ ಖಾಲಿ ಪ್ಲೇಟ್ (ನಟರಿಲ್ಲದ ಬರಿಯ ಜಾಗದ ಶಾಟ್) 11ಕ್ಕೆ ತೆಗೆದರೆ ಎರಡು ನೆರಳು ಎಂದೂ ಹೊಂದವು. ಮೇ ಆರಂಭದಲ್ಲಿ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಆನೆಗೊಂದಿಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಧ್ಯಾಹ್ನ 12:20ರ ಆಸುಪಾಸು ನೆರಳು ಕಾಲಡಿಗೆ ಸೇರಿಬಿಡುತ್ತದೆ. ಆ ಹೊತ್ತಿನಲ್ಲಿ ದೈತ್ಯನ ಶಾಟ್ ಇಟ್ಟುಕೊಳ್ಳಲೇಬೇಡಿ.

ನಟ ಫ್ರೇಮ್ ಬಿಟ್ಟ ಕೂಡಲೇ, ಟ್ರೈಪಾಡ್ ಅಲುಗಿಸದೆ, 10 ಸೆಕೆಂಡು ಖಾಲಿ ಪ್ಲೇಟ್ ತೆಗೆಯಿರಿ. ಆಮೇಲೆ ರಾಕ್ಷಸ ನಿಲ್ಲುವ ಜಾಗದಲ್ಲೇ ಬೂದು ಬಣ್ಣದ ಚೆಂಡು, ಕನ್ನಡಿಯಂತೆ ಹೊಳೆಯುವ ಚೆಂಡು ಹಿಡಿದು ಐದೈದು ಸೆಕೆಂಡು ತೆಗೆಯಿರಿ, ಬೆಳಕು ಎತ್ತಣದ್ದು, ಯಾವ ಬಣ್ಣದ್ದು ಎಂದು ಸಿಜಿ ಮಾಡುವವರಿಗೆ ತಿಳಿಯುತ್ತದೆ. ಬೂದು ಚೆಂಡಿನ ಕೆಳಭಾಗ ಗಮನಿಸಿ: ಬಿಸಿಲು ಬಿದ್ದ ಬಂಡೆಯ ಕೆಂಪು ಛಾಯೆ ಅಲ್ಲಿ ಏರಿರುತ್ತದೆ. ಸಿಜಿ ಕಾಲಿನಲ್ಲಿ ಆ ಛಾಯೆ ಇಲ್ಲದಿದ್ದರೆ ಅದು ಅಂಟಿಸಿದ ಚಿತ್ರದಂತೆಯೇ ಕಾಣುತ್ತದೆ. ಲೆನ್ಸ್, ಕ್ಯಾಮೆರಾದ ಎತ್ತರ, ಓರೆ, ದೂರ ನಾಲ್ಕನ್ನೂ ಬರೆಯಿರಿ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ತುಂಗಭದ್ರೆಯಲ್ಲಿ ಹರಿಗೋಲಿನ ದೃಶ್ಯ ಬೇರೆಯೇ ತಲೆನೋವು. ಅದು ತಿರುಗುತ್ತಲೇ ಇರುತ್ತದೆ. ಒಂದು ಕಟ್‌ನಲ್ಲಿ ಮುಖಕ್ಕೆ ಬಿಸಿಲು, ಮುಂದಿನದರಲ್ಲಿ ಬೆನ್ನಿಗೆ, ಹಿಂದಿನ ಗುಡ್ಡ ಎಡದಿಂದ ಬಲಕ್ಕೆ ಹಾರಿರುತ್ತದೆ. ವೈಡ್ ಶಾಟ್‌ನಲ್ಲಿ ಧಾರಾಳವಾಗಿ ತಿರುಗಲಿ. ಕ್ಲೋಸಪ್‌ಗೆ ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ ಎರಡು ಕಡೆ ಹಗ್ಗ ಕಟ್ಟಿ ನಿಲ್ಲಿಸಿ, ಫ್ರೇಮ್ ಹೊರಗಿಂದ ಒಬ್ಬರು ನೀರು ಕದಡಲಿ. ಯಾರು ಎಲ್ಲಿ ಕೂತಿದ್ದರೆಂದು ಅಂಚಿನ ಬಿದಿರಿಗೆ ದಾರ ಕಟ್ಟಿ ಗುರುತಿಡಿ. ವೈಡ್, ಕ್ಲೋಸಪ್ ಎರಡೂ ಒಂದೇ ದಿನ ಮುಗಿಯಲಿ: ಡ್ಯಾಂನಿಂದ ನೀರು ಬಿಟ್ಟರೆ ನಿನ್ನೆ ಕಂಡ ಬಂಡೆ ಇವತ್ತು ಇರುವುದಿಲ್ಲ.

ಗಂಗಾವತಿ ಕಡೆಯ ಭತ್ತದ ಗದ್ದೆ ಹಿನ್ನೆಲೆಯಲ್ಲಿದ್ದರೆ ನಟನ ಹಿಂದೆ ಹಸಿರು ಮ್ಯಾಟ್ (ಒಂದೇ ಬಣ್ಣದ ಪರದೆ) ಬೇಡ, ಕೀ ಮಾಡುವಾಗ, ಅಂದರೆ ಆ ಬಣ್ಣವನ್ನು ಕಂಪ್ಯೂಟರ್‌ನಲ್ಲಿ ಅಳಿಸುವಾಗ, ಗದ್ದೆಯೂ ಹೋಗುತ್ತದೆ. ನೀಲಿ ಮ್ಯಾಟ್ ಕಟ್ಟಿ, ನಟನನ್ನು ಅದರಿಂದ 8 ಅಡಿ ಮುಂದೆ ನಿಲ್ಲಿಸಿ. ಬಿಳಿ ಪಂಚೆ ಹತ್ತಿರ ಬಂದಷ್ಟೂ ನೀಲಿ ಅಂಟಿಕೊಳ್ಳುತ್ತದೆ.

ಕುಸಿಯುವ ಕೋಟೆಯನ್ನು ಮಾದರಿ ಕಟ್ಟಿ ತೆಗೆಯುವುದಾದರೆ ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ಕ್ಯಾಮೆರಾ ವೇಗ ಹೆಚ್ಚಿಸಿ: 16ನೇ ಒಂದು ಅಳತೆಗೆ ಸೆಕೆಂಡಿಗೆ 24ರ ಬದಲು 96 ಫ್ರೇಮ್. ನೀರು ಇದ್ದರೆ ಮಾದರಿ ದೊಡ್ಡದೇ ಬೇಕು. ಹನಿಯ ಗಾತ್ರ ಕುಗ್ಗುವುದಿಲ್ಲವಲ್ಲ. 4ನೇ ಒಂದು ಅಳತೆ, 48 ಫ್ರೇಮ್ ಇಟ್ಟುಕೊಳ್ಳಿ.

ಬೆವರು, ಕೆಂಪು ಧೂಳು, ಕುಂಕುಮ, ಪಂಜು ಎಷ್ಟು ಉರಿದಿದೆ ಎನ್ನುವುದು ಇವೆಲ್ಲ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೊಂದದೆ ಕೈತಪ್ಪುವುದು ಊಟದ ಬ್ರೇಕ್‌ನಲ್ಲಿ. ಬ್ರೇಕ್‌ಗೆ ಮುಂಚೆ ಮುಂದೆ, ಹಿಂದೆ, ಎರಡೂ ಪಕ್ಕ ಫೋಟೊ ತೆಗೆಯಿರಿ, ಕ್ಲಾಪ್ ಬೋರ್ಡ್ ಅದರಲ್ಲಿ ಕಾಣಲಿ.

ಎಡಿಟಿಂಗ್‌ನಲ್ಲಿ ನೋಟದ ದಿಕ್ಕು ಸರಿಮಾಡಲು ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುವ ಆಸೆ ಬರುತ್ತದೆ. ಮೊದಲು ಋಷಿಯ ಜನಿವಾರ ನೋಡಿ: ಎಡ ಹೆಗಲಿನದು ಬಲಕ್ಕೆ ಹೋಗಿರುತ್ತದೆ, ನಾಯಕನ ಕತ್ತಿ ಎಡಗೈಗೆ ಬಂದಿರುತ್ತದೆ.