ಮೈಸೂರು ಒಡೆಯರ ವಂಶಾವಳಿ ತಪ್ಪಿಲ್ಲದೆ ಬರೆಯುವುದು ಹೇಗೆ

ಸ್ಮರಣ ಸಂಚಿಕೆಗೆ ಲೇಖನವೋ, ಹಳೆಯ ಫೋಟೋಗೆ ಅಡಿಬರಹವೋ, ಮಕ್ಕಳ ಪ್ರಾಜೆಕ್ಟಿಗೆ ವಂಶವೃಕ್ಷವೋ, ಯಾವುದನ್ನು ಬರೆಯಲು ಕೂತರೂ ಮೊದಲು ಒಂದು ವಿಷಯ ಗೊತ್ತಿರಲಿ. 1399ರ ಯದುರಾಯರಿಂದ ಜಯಚಾಮರಾಜೇಂದ್ರ ಒಡೆಯರ್‌ವರೆಗೆ ಸಂಪ್ರದಾಯದ ಲೆಕ್ಕದಲ್ಲಿ 25 ಅರಸರು. ಅವರಲ್ಲಿ ಹತ್ತು ಮಂದಿ ಚಾಮರಾಜರು, ನಾಲ್ವರು ಕೃಷ್ಣರಾಜರು. ಪಟ್ಟವೂ ಸದಾ ತಂದೆಯಿಂದ ಮಗನಿಗೆ ಹೋಗಿಲ್ಲ. ಹೀಗಾಗಿ ಪ್ರತಿ ಹೆಸರಿನ ಪಕ್ಕದಲ್ಲಿ ಆಳ್ವಿಕೆಯ ವರ್ಷ ಮತ್ತು ಹಿಂದಿನ ಅರಸರಿಗೆ ಅವರು ಏನಾಗಬೇಕು ಎಂಬ ಎರಡು ವಿವರ ಇರಲೇಬೇಕು. ಇವಿಲ್ಲದ ಪಟ್ಟಿ ನೋಡಲು ಚೆನ್ನಾಗಿರಬಹುದು, ಉಪಯೋಗಕ್ಕೆ ಬರುವುದಿಲ್ಲ.

ಹೆಸರನ್ನು ಬಿಡಿಸಿಕೊಳ್ಳುವ ಬಗೆ

ಉದ್ದನೆಯ ಹೆಸರು ಸಿಕ್ಕಾಗ ಬಿರುದು, ಸ್ವಂತ ಹೆಸರು, ಮನೆತನದ ಹೆಸರು ಎಂದು ಮೂರು ಭಾಗ ಮಾಡಿ. ‘ರಣಧೀರ ಕಂಠೀರವ ನರಸರಾಜ ಒಡೆಯರ್’ ಎಂಬಲ್ಲಿ ರಣಧೀರ ಬಿರುದು, ಕಂಠೀರವ ನರಸರಾಜ ಹೆಸರು, ಒಡೆಯರ್ ಮನೆತನದ್ದು. ಇವರು ಆಳಿದ್ದು 1638ರಿಂದ 1659ರವರೆಗೆ. ಇವರನ್ನು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಜೊತೆ ಬೆರೆಸಬೇಡಿ. ಯುವರಾಜರು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಪಟ್ಟಕ್ಕೆ ಬರಲೇ ಇಲ್ಲ. 1940ರ ಮಾರ್ಚ್‌ನಲ್ಲಿ, ಅಣ್ಣನಿಗಿಂತ ಕೆಲವೇ ತಿಂಗಳು ಮೊದಲು ತೀರಿಕೊಂಡರು.

ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದರೆ ಎರಡನೆಯ, ಮೂರನೆಯ, ನಾಲ್ಕನೆಯ. ‘ನಾಲ್ವಡಿ’ ಬರೆದ ಮೇಲೆ ಮತ್ತೆ ‘4ನೇ’ ಸೇರಿಸಬೇಕಿಲ್ಲ. ಬೋಳ, ಬೆಟ್ಟದ, ಖಾಸಾ, ದೊಡ್ಡ, ಚಿಕ್ಕ ಮುಂತಾದ ಗುರುತಿನ ಮಾತುಗಳನ್ನು ಮಾತ್ರ ಎಂದೂ ಕೈಬಿಡಬಾರದು. ಒಂದೇ ಹೆಸರಿನವರನ್ನು ಬೇರೆ ಮಾಡಿ ತೋರಿಸುವುದೇ ಅವು. ದೊಡ್ಡದೇವರಾಜ, ಚಿಕ್ಕದೇವರಾಜ ಎಂದ ಕೂಡಲೇ ಅಣ್ಣ ತಮ್ಮಂದಿರು ಅಂದುಕೊಳ್ಳುವವರಿದ್ದಾರೆ. ಚಿಕ್ಕದೇವರಾಜರು ದೊಡ್ಡದೇವರಾಜರ ತಮ್ಮನಲ್ಲ, ಸಹೋದರನ ಮಗ.

ಊರು, ಬಡಾವಣೆಗಳ ಹೆಸರಿನಲ್ಲೂ ಇದೇ ತೊಡಕು. ಚಾಮರಾಜನಗರದ ಚಾಮರಾಜರು ಒಂಬತ್ತನೆಯವರು, ಅಂದರೆ ಖಾಸಾ ಚಾಮರಾಜರು. ಮೊದಲು ಅರಿಕುಠಾರ ಎನಿಸಿಕೊಂಡಿದ್ದ ಊರಿಗೆ ಆ ಹೆಸರಿಟ್ಟದ್ದು ಅವರ ಮಗ ಮುಮ್ಮಡಿ ಕೃಷ್ಣರಾಜರು. ಬೆಂಗಳೂರಿನ ಚಾಮರಾಜಪೇಟೆ, ಮೈಸೂರಿನ ಮೃಗಾಲಯ ಎರಡೂ ಹತ್ತನೆಯವರ ಹೆಸರಿನವು.

ಅರಸು ಎಂಬುದು ಒಡೆಯರಿಗೆ ಸಂಬಂಧಿಕರಾದ ಮನೆತನಗಳ ಹೆಸರು. ಹೆಣ್ಣು ಕೊಟ್ಟು ತರುವುದು, ದತ್ತು ಪಡೆಯುವುದು ಹೆಚ್ಚಾಗಿ ಈ ಮನೆತನಗಳೊಡನೆ. ದತ್ತು ಬಂದವರ ಹೆಸರಿನಲ್ಲಿ ಅರಸು ಹೋಗಿ ಒಡೆಯರ್ ಬರುತ್ತದೆ. ಯದುವೀರ ಗೋಪಾಲರಾಜ ಅರಸ್ ಅವರು 2015ರ ಫೆಬ್ರುವರಿಯಲ್ಲಿ ದತ್ತು ಆದ ಮೇಲೆ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆದರು. ಅದಕ್ಕೂ ಹಿಂದಿನ ದಾಖಲೆ ಹುಡುಕುವಾಗ ಹಳೆಯ ಹೆಸರಿನಲ್ಲೇ ಹುಡುಕಿ. ಹಾಗೆಂದು ಅರಸು ಎಂದು ಬರೆದುಕೊಳ್ಳುವವರೆಲ್ಲ ಪಟ್ಟದ ಸಾಲಿನವರಲ್ಲ.

ರಾಣಿಯರ ಹೆಸರಿನ ಮುಂದೆ ಬರುವ ‘ಸನ್ನಿಧಾನ’ ಗೌರವದ ಗುರುತು, ವ್ಯಕ್ತಿಯ ಹೆಸರಲ್ಲ. ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ ಲಕ್ಷ್ಮೀವಿಲಾಸ ಸನ್ನಿಧಾನ. ನಾಲ್ವಡಿಯವರ ರಾಣಿ ಪ್ರತಾಪಕುಮಾರಿ ಕೂಡ ಲಕ್ಷ್ಮೀವಿಲಾಸ ಸನ್ನಿಧಾನವೇ. ವಾಣಿವಿಲಾಸ ಸನ್ನಿಧಾನ ಎಂದರೆ 1895ರಿಂದ 1902ರವರೆಗೆ ಚಿಕ್ಕ ವಯಸ್ಸಿನ ಮಗ ನಾಲ್ವಡಿಯವರ ಪರವಾಗಿ ರೀಜೆಂಟ್ ಆಗಿ ರಾಜ್ಯಭಾರ ನಡೆಸಿದ ಕೆಂಪನಂಜಮ್ಮಣ್ಣಿ. ಸನ್ನಿಧಾನದ ಜೊತೆ ಸ್ವಂತ ಹೆಸರನ್ನೂ ಬರೆಯದಿದ್ದರೆ ಅಜ್ಜಿಯ ಕಾಲದವರು ಮೊಮ್ಮಗನ ಕಾಲದಲ್ಲಿ ಕಾಣಿಸಿಕೊಳ್ಳುತ್ತಾರೆ.

ಯಾವ ವರ್ಷ ಹಾಕಬೇಕು

ಒಬ್ಬರಿಗೇ ಎರಡು ಮೂರು ವರ್ಷ ಸಿಗುವುದು ಇಲ್ಲಿ ಸಾಮಾನ್ಯ, ಎಲ್ಲವೂ ಸರಿಯೇ ಇರಬಹುದು. ಹತ್ತನೇ ಚಾಮರಾಜೇಂದ್ರರು ದತ್ತು ಆದದ್ದು 1865, ಪಟ್ಟಕ್ಕೆ ಬಂದದ್ದು 1868, ಬ್ರಿಟಿಷರಿಂದ ಆಡಳಿತ ಕೈಗೆ ಬಂದದ್ದು 1881ರ ಮಾರ್ಚ್ 25. ನಾಲ್ವಡಿಯವರ ತಂದೆ ತೀರಿಕೊಂಡದ್ದು 1894ರ ಡಿಸೆಂಬರ್ ಕೊನೆಯಲ್ಲಿ, ಪಟ್ಟಾಭಿಷೇಕ 1895ರ ಫೆಬ್ರುವರಿಯಲ್ಲಿ, ಪೂರ್ಣಾಧಿಕಾರ 1902ರ ಆಗಸ್ಟ್‌ನಲ್ಲಿ. ಪಟ್ಟಕ್ಕೆ, ಅಧಿಕಾರಕ್ಕೆ ಎರಡು ಕಾಲಂ ಮಾಡಿಬಿಡಿ. ಮುಮ್ಮಡಿಯವರಿಗಂತೂ ಇದು ಬೇಕೇ ಬೇಕು. 1799ರಲ್ಲಿ ಐದು ತುಂಬುವ ಮೊದಲೇ ಸಿಂಹಾಸನ ಏರಿದವರು, 1831ರಲ್ಲಿ ಆಡಳಿತ ಕಳೆದುಕೊಂಡರು, ಆದರೆ 1868ರಲ್ಲಿ ಕೊನೆಯುಸಿರೆಳೆಯುವವರೆಗೂ ಅರಸರೇ. ಅವರ ತಂದೆ ತೀರಿದ 1796ರಿಂದ 1799ರವರೆಗೆ ಒಡೆಯರ್ ಯಾರೂ ಪಟ್ಟದಲ್ಲಿಲ್ಲ, ಟಿಪ್ಪು ಕೂರಿಸಲಿಲ್ಲ. ಆ ಜಾಗ ಖಾಲಿಯೇ ಇರಲಿ.

ಗೆರೆ ಎಳೆಯುವಾಗ

ಮೂರು ಬಗೆಯ ಗೆರೆ ಇಟ್ಟುಕೊಳ್ಳಿ: ಹುಟ್ಟಿನ ಸಂಬಂಧಕ್ಕೆ ತುಂಬುಗೆರೆ, ದತ್ತಿಗೆ ತುಂಡುಗೆರೆ, ಪಟ್ಟ ಹೋದ ದಾರಿಗೆ ಬಾಣದ ಗುರುತು. ಬಾಣ ಮತ್ತು ತುಂಬುಗೆರೆ ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ವಂಶವೃಕ್ಷಗಳು ಕೆಡುತ್ತವೆ. ರಾಜ ಒಡೆಯರ ನಂತರ 1617ರಲ್ಲಿ ಪಟ್ಟಕ್ಕೆ ಬಂದದ್ದು ಮೊಮ್ಮಗ. ನಾಲ್ವಡಿಯವರ ನಂತರ ಬಂದ ಜಯಚಾಮರಾಜೇಂದ್ರರು ತಮ್ಮನ ಮಗ. 1734ರಲ್ಲಿ ಏಳನೇ ಚಾಮರಾಜರನ್ನು ಇಳಿಸಿದವರು ದಳವಾಯಿಗಳು, ಅಂದರೆ ಸೇನಾಧಿಪತಿಗಳು. 1776ರಲ್ಲಿ ಖಾಸಾ ಚಾಮರಾಜರನ್ನು ಆರಿಸಿದ್ದು ಹೈದರಾಲಿ. ಇಂಥ ಕಡೆ ಬಾಣದ ಮೇಲೆ ‘ದಳವಾಯಿಗಳು’, ‘ಹೈದರ್’ ಎಂದು ಬರೆದುಬಿಡಿ.

ದತ್ತಿನಲ್ಲಿ ಇನ್ನೂ ಎಚ್ಚರ ಬೇಕು. ಹತ್ತನೇ ಚಾಮರಾಜೇಂದ್ರರು ಮುಮ್ಮಡಿಯವರ ದತ್ತುಪುತ್ರ. ಹುಟ್ಟಿನಿಂದ ಅವರ ಮಗಳು ಪುಟ್ಟಮ್ಮಣ್ಣಿಯವರ ಮಗ, ಬೆಟ್ಟದಕೋಟೆ ಅರಸು ಮನೆತನದವರು. ‘ಮಗ’ ಎಂದು ತುಂಬುಗೆರೆ ಎಳೆದರೆ ಹೆತ್ತ ತಾಯಿಯೇ ಅಕ್ಕನ ಜಾಗಕ್ಕೆ ಬರುತ್ತಾರೆ. ಯದುವೀರರದ್ದೂ ಹಾಗೆಯೇ. ಜಯಚಾಮರಾಜೇಂದ್ರರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ಪತ್ನಿ ಪ್ರಮೋದಾದೇವಿ ಅವರು ದತ್ತು ಪಡೆದದ್ದರಿಂದ ಯದುವೀರರು ಜಯಚಾಮರಾಜೇಂದ್ರರಿಗೆ ಮೊಮ್ಮಗ. ರಕ್ತಸಂಬಂಧದಲ್ಲಿ ಅವರ ಹಿರಿಯ ಮಗಳು ಗಾಯತ್ರಿದೇವಿಯವರ ಮಗಳ ಮಗ, ಎಂದರೆ ಮರಿಮಗ. ದತ್ತಿನ ದಾರಿಯಲ್ಲಿ ಒಂದು ತಲೆಮಾರು ಕಡಿಮೆಯಾಗುತ್ತದೆ. ಎರಡು ಗೆರೆಯನ್ನೂ ತೋರಿಸಿ. ಎರಡೂ ಸಲ ವಂಶ ಮುಂದುವರಿದದ್ದು ಹೆಣ್ಣುಮಕ್ಕಳ ಕಡೆಯಿಂದ. ಗಂಡು ಹೆಸರುಗಳನ್ನಷ್ಟೇ ಬರೆದ ವಂಶವೃಕ್ಷದಲ್ಲಿ ಈ ಮುಖ್ಯ ಸಂಗತಿಯೇ ಮರೆಯಾಗುತ್ತದೆ, ಅದಕ್ಕೇ ತಾಯಂದಿರ ಹೆಸರು ಕಡ್ಡಾಯ.

ಇಂದು ಯಾರನ್ನು ಏನೆಂದು ಬರೆಯಬೇಕು

ಜಯಚಾಮರಾಜೇಂದ್ರರೇ ಕೊನೆಯ ಆಳಿದ ಮಹಾರಾಜರು. 1950ರ ನಂತರ ರಾಜಪ್ರಮುಖರಾಗಿ (ರಾಜ್ಯಪಾಲರಂತೆ ರಾಜ್ಯದ ಮುಖ್ಯಸ್ಥರಾಗಿ), 1956ರಿಂದ ರಾಜ್ಯಪಾಲರಾಗಿ ಇದ್ದರು. ಸರ್ಕಾರ ಅರಸರಿಗೆ ಕೊಟ್ಟಿದ್ದ ಮನ್ನಣೆ ಮತ್ತು ರಾಜಧನ (ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ) ರದ್ದಾದದ್ದು 1971ರ ಸಂವಿಧಾನದ 26ನೇ ತಿದ್ದುಪಡಿಯಿಂದ. ಆದ್ದರಿಂದ 1971ಕ್ಕೆ ಮುಂಚಿನ ಫೋಟೋಗೆ ‘ಮಹಾರಾಜ’ ಎಂದು ಬರೆಯಲು ಅಡ್ಡಿಯಿಲ್ಲ. ಶ್ರೀಕಂಠದತ್ತ, ಯದುವೀರ ಅವರನ್ನು 26, 27ನೆಯವರೆಂದು ಎಣಿಸುವುದುಂಟು. ಅದು ಮನೆತನದ ಮುಖ್ಯಸ್ಥರ ಎಣಿಕೆ, ಆಳಿದ ಅರಸರದ್ದಲ್ಲ. 2015ರ ಮೇ 28ರಂದು ಅರಮನೆಯಲ್ಲಿ ನಡೆದ ಯದುವೀರರ ಪಟ್ಟಾಭಿಷೇಕವೂ ಮನೆತನದ ವಿಧಿ. ಅವರಿಬ್ಬರಿಗೂ ‘ಮೈಸೂರು ರಾಜವಂಶಸ್ಥರು’ ಎಂದು ಬರೆದರೆ ಸಂವಿಧಾನಕ್ಕೂ ಸರಿ, ಮನೆತನದ ಗೌರವಕ್ಕೂ ಸರಿ.